ಕನಾ ಒಂಬತ್ತು ಟಕ

"ಸರ್ರ, ಕನಾ ಒಂಬತ್ತು ಟಕ ಅಂದ್ರ ಎಲ್ಲಿ ಬರ್ತೈತ್ರಿ?"

ಲ್ಯಾಬಿನ ಮೂಲೆಯಿಂದ ಪ್ರಶ್ನೆ ಬಂತು. ನಾನು ಇನ್ನೊಂದು ಕಡೆ ಕೂತು ಗಂಟಾಗಿದ್ದ ಹೆಡ್‌ಫೋನ್ ವೈರು ಬಿಡಿಸುತ್ತಿದ್ದೆ. ಎದ್ದು ಹೋಗಿ ನೋಡಿದೆ. ಸ್ಕಾಲರ್‌ಶಿಪ್ ಬಗ್ಗೆ ಯಾರೋ ವಾಟ್ಸಾಪ್‌ನಲ್ಲಿ ಕಳಿಸಿದ್ದ ಪ್ರಕಟಣೆ. ಮೊದಲ ಸಾಲಿನಲ್ಲೇ ಕರ್ನಾಟಕ ಅಂತ ಇದೆ. ನನ್ನ ಕಣ್ಣಿಗೆ ಯಾವ ತಪ್ಪೂ ಕಾಣಲಿಲ್ಲ.

"ಕರ್ನಾಟಕ ಅಂತಾನೇ ಇದೆಯಲ್ಲಪ್ಪಾ."

"ಇಲ್ರಿ ಸರ. ನೀವ ಕೇಳ್ರಿ."

ಹುಡುಗನಿಗೆ ಕಣ್ಣು ಕಾಣುವುದಿಲ್ಲ, ಪರದೆ ಮೇಲಿರುವುದನ್ನು ಕಂಪ್ಯೂಟರ್ ಓದಿ ಹೇಳುತ್ತದೆ. ಹೆಡ್‌ಫೋನ್ ತೆಗೆದು ಒಂದು ಬದಿಯನ್ನು ನನ್ನ ಕಿವಿಗೆ ಹಿಡಿದ. ಬಲಗಡೆ ಬಾಣದ ಕೀಯನ್ನು ಒಂದೊಂದೇ ಸಲ ಒತ್ತುತ್ತಾ ಹೋದ. ಕ. ನಾ. ಒಂಬತ್ತು. ಟ. ಕ.

ಆಗ ಹೊಳೆಯಿತು. ಟೈಪ್ ಮಾಡಿದವರಿಗೆ ಅರ್ಕಾವತ್ತು ಹಾಕುವುದು ಗೊತ್ತಿಲ್ಲ. ಕನ್ನಡದ ಒಂಬತ್ತು ನೋಡುವುದಕ್ಕೆ ಥೇಟ್ ಅರ್ಕಾವತ್ತಿನ ಹಾಗೇ ಇದೆ. ತಂದು ಕೂರಿಸಿದ್ದಾರೆ: ಕನಾ೯ಟಕ. ಓದಿದವರೆಲ್ಲ ಕರ್ನಾಟಕ ಅಂತಲೇ ಓದಿಕೊಂಡು ಮುಂದೆ ಹೋಗಿದ್ದಾರೆ. ಅಲ್ಲಿರುವುದನ್ನು ಇದ್ದ ಹಾಗೆ ಓದಿದ್ದು ಇವನ ಕಂಪ್ಯೂಟರ್ ಒಂದೇ.

ಅದೇ ಪ್ರಕಟಣೆಯಲ್ಲಿ ಕೆಳಗೆ "ಬೆ ಸೊನ್ನೆ ಗಳೂರು" ಕೂಡ ಸಿಕ್ಕಿತು. ಅನುಸ್ವಾರದ ಬದಲು ಕನ್ನಡದ ಅಂಕಿ ಸೊನ್ನೆ. ಇದಕ್ಕೆ ನಾವಿಬ್ಬರೂ ಜಾಸ್ತಿ ನಕ್ಕೆವು. ಯಾಕೆಂದರೆ ಒಂದನೇ ಕ್ಲಾಸಿನಲ್ಲಿ ಮೇಷ್ಟ್ರು ಅದನ್ನು ಸೊನ್ನೆ ಅಂತಲೇ ಹೇಳಿಕೊಟ್ಟಿದ್ದು, ಅಲ್ವಾ?

ನನ್ನ ಪರಿಚಯ ಸ್ವಲ್ಪ ಹೇಳಿಬಿಡುತ್ತೇನೆ. ತುಮಕೂರು ಕಡೆಯವನು. ಧಾರವಾಡ ಸೀಮೆಯ ಒಂದು ಸರ್ಕಾರಿ ಪದವಿ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ. ಅತಿಥಿ ಉಪನ್ಯಾಸಕ. ಅತಿಥಿ ಅಂತ ಕರೆಸಿಕೊಂಡು ವರ್ಷಗಳೇ ಆದವು. ಇಷ್ಟು ದಿನ ಉಳಿದ ಅತಿಥಿಯನ್ನು ನಮ್ಮ ಮನೆಯಲ್ಲಂತೂ ಅಜ್ಜಿ ಇಟ್ಟುಕೊಳ್ಳುತ್ತಿರಲಿಲ್ಲ.

ವಿಕಲಚೇತನ ವಿದ್ಯಾರ್ಥಿಗಳಿಗೆ ಕಂಪ್ಯೂಟರ್ ಹೇಳಿಕೊಡುವ ಕೆಲಸವನ್ನು ನಾನು ಹುಡುಕಿಕೊಂಡು ಹೋಗಿರಲಿಲ್ಲ. ನಮ್ಮ ರಾಜ್ಯ ಸರ್ಕಾರ ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್ ಕೊಡುತ್ತದೆ. ಟಾಕಿಂಗ್ ಲ್ಯಾಪ್‌ಟಾಪ್ ಅಂತಾರೆ. ಬಿಎ ಓದುವ ಒಬ್ಬ ಹುಡುಗಿಗೆ ಅದು ಬಂದು ತಿಂಗಳುಗಳಾಗಿತ್ತು. ಮನೆಯಲ್ಲಿ ಅಕ್ಕನ ಮಗ ಅದರಲ್ಲಿ ಗೇಮ್ ಆಡುತ್ತಿದ್ದ. ಅವಳು ಒಂದು ದಿನ ಅದನ್ನು ಬ್ಯಾಗಿಗೆ ಹಾಕಿಕೊಂಡು ಸೀದಾ ಪ್ರಿನ್ಸಿಪಾಲರ ರೂಮಿಗೆ ಹೋಗಿ, "ಇದು ಮಾತಾಡತೈತಿ ಅಂತ ಕೊಟ್ರು, ಮಾತಾಡವಲ್ದು" ಅಂದಳು. ಪ್ರಿನ್ಸಿಪಾಲರು ನನ್ನನ್ನು ಕರೆಸಿದರು. "ನೀವು ಕಂಪ್ಯೂಟರ್‌ನವರಲ್ರೀ, ಸ್ವಲ್ಪ ನೋಡ್ರಿ." ನನ್ನ ನೇಮಕಾತಿ ಆದೇಶ ಅಷ್ಟೇ.

ಅವತ್ತು ರಾತ್ರಿ ಮನೆಯಲ್ಲಿ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಇಳಿಸಿಕೊಂಡೆ. ಸ್ಕ್ರೀನ್ ರೀಡರ್ ಅಂದರೆ ಪರದೆ ಮೇಲಿರುವುದನ್ನು ಓದಿ ಹೇಳುವ ಸಾಫ್ಟ್‌ವೇರ್. ಅದರಲ್ಲಿ ಪುಕ್ಕಟೆ ಸಿಗುವುದು, ನಮ್ಮಂಥ ಕಾಲೇಜಿನ ಕೈಗೆ ಎಟಕುವುದು ಇದೇ. ಆಸ್ಟ್ರೇಲಿಯಾದ ಮೈಕಲ್ ಕರನ್ ಶುರು ಮಾಡಿದ್ದು, 2006ರಲ್ಲಿ. ಆಮೇಲೆ ಜೇಮ್ಸ್ ಟೆ ಜೊತೆಗೂಡಿದರು. ಇಬ್ಬರಿಗೂ ಕಣ್ಣು ಕಾಣುವುದಿಲ್ಲ. ಚಿಕ್ಕಂದಿನಲ್ಲಿ ಅಂಧ ಮಕ್ಕಳ ಸಂಗೀತ ಶಿಬಿರವೊಂದರಲ್ಲಿ ಗೆಳೆಯರಾದವರು.

ಈ ಸಂಗೀತ ಶಿಬಿರದ ವಿಷಯ ಹೇಳಿದರೆ ನಮ್ಮ ಹುಡುಗರು ನಗುತ್ತಾರೆ. ಈ ಭಾಗದಲ್ಲಿ ಕಣ್ಣು ಕಾಣದ ಯಾರನ್ನೇ ಕಂಡರೂ ಬಸ್ಸಿನಲ್ಲಿ ಪಕ್ಕದವರು ಕೇಳುವ ಮೊದಲ ಪ್ರಶ್ನೆ, "ಗದಗಿನ ಆಶ್ರಮದಾಗ ಇದ್ದೇನಪಾ? ಒಂದು ಹಾಡು ಹೇಳು." ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಇದ್ದ ಊರು ಪಕ್ಕದಲ್ಲೇ ಇರುವಾಗ ಜನ ಹಾಗೆ ಕೇಳುವುದು ಸಹಜ. ಆ ಪುಣ್ಯಾಶ್ರಮ ಎಷ್ಟು ಮಕ್ಕಳಿಗೆ ಅನ್ನ, ವಿದ್ಯೆ ಎರಡೂ ಕೊಟ್ಟಿದೆ ಅನ್ನುವುದು ಈ ಕಡೆಯ ಎಲ್ಲರಿಗೂ ಗೊತ್ತು. ಆದರೆ ನನ್ನ ಲ್ಯಾಬಿನ ಒಂಬತ್ತು ಟಕದ ಹುಡುಗನಿಗೆ ಶ್ರುತಿ ಅನ್ನುವುದು ಹತ್ತಿರ ಸುಳಿದಿಲ್ಲ. ಅವನಿಗೆ ಬೇಕಾಗಿರುವುದು ಎಫ್‌ಡಿಎ ಪರೀಕ್ಷೆ. "ಹಾಡು ಬರೂದಿಲ್ಲಂದ್ರ ಮಂದಿಗೆ ನನಗಿಂತ ಜಾಸ್ತಿ ಬ್ಯಾಸರ ಆಗತೈತ್ರಿ" ಅಂತಾನೆ.

ಆ ರಾತ್ರಿಗೆ ಬರುತ್ತೇನೆ. ಎನ್‌ವಿಡಿಎ ಹಾಕಿ, ಮಾನಿಟರ್ ಆಫ್ ಮಾಡಿ, ಮೌಸ್ ತೆಗೆದು ಡ್ರಾಯರಿಗೆ ಹಾಕಿ ಕೂತೆ. ಒಂದು ವರ್ಡ್ ಫೈಲ್ ತೆರೆದು ನನ್ನ ಹೆಸರು ಟೈಪ್ ಮಾಡಿ ಸೇವ್ ಮಾಡುವುದು, ಅಷ್ಟೇ ಗುರಿ. ನಲವತ್ತು ನಿಮಿಷ ಹಿಡಿಯಿತು. ಫೈಲ್ ಎಲ್ಲಿ ಸೇವ್ ಆಯಿತು ಅನ್ನುವುದು ಮಾನಿಟರ್ ಹಾಕಿದ ಮೇಲೇ ಗೊತ್ತಾಗಿದ್ದು. ಆ ದನಿ ಬೇರೆ. ಎನ್‌ವಿಡಿಎ ಜೊತೆಗೇ ಬರುವ ಇ-ಸ್ಪೀಕ್ ಕನ್ನಡವನ್ನೂ ಮಾತಾಡುತ್ತದೆ, ಆದರೆ ಮೂಗು ಕಟ್ಟಿದ ಯಂತ್ರದ ಹಾಗೆ. ಹೆಂಡತಿ ಅಡುಗೆಮನೆಯಿಂದ, "ರೇಡಿಯೋ ಸ್ಟೇಷನ್ ಸರಿಯಾಗಿ ಹಿಡೀರಿ" ಅಂದಳು.

ಹುಡುಗರಿಗೆ ಆ ದನಿ ಬೇಸರವಿಲ್ಲ. ಫೋನಿನಲ್ಲಿ ಪರದೆ ಓದಿ ಹೇಳುವ ಟಾಕ್‌ಬ್ಯಾಕ್ ಹಾಕಿಕೊಂಡು ಬಂದಿರುತ್ತಾರೆ. ಫೋನಿನ ಕನ್ನಡ ದನಿ ಇದಕ್ಕಿಂತ ಇಂಪಾಗಿದೆ. ಆದರೂ ಎರಡು ತಿಂಗಳಾದ ಮೇಲೆ ಅವರಿಗೆ ಇಂಪು ಬೇಡ, ವೇಗ ಬೇಕು. ಒಬ್ಬೊಬ್ಬರೂ ವೇಗ ಏರಿಸಿಕೊಂಡು ಎಲ್ಲಿಗೆ ತಲುಪುತ್ತಾರೆ ಅಂದರೆ, ಪಕ್ಕದಲ್ಲಿ ಕೂತ ನನಗೆ ಬರೀ ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಕೇಳುತ್ತದೆ. ಅದರಲ್ಲಿ ಅವರು ಇಡೀ ಪುಟ ಕೇಳಿ ಮುಗಿಸಿರುತ್ತಾರೆ. ಯಂತ್ರದ ದನಿ ಎಷ್ಟು ವೇಗವಾದರೂ ಅಕ್ಷರ ನುಂಗುವುದಿಲ್ಲ, ಮನುಷ್ಯರ ದನಿ ನುಂಗುತ್ತದೆ ಅಂತ ಅವರ ವಾದ.

ಮೊದಲ ವಾರ ನಾನು ಕಲಿಸಿದ್ದಕ್ಕಿಂತ ಬಾಯಿ ಕಚ್ಚಿಕೊಂಡಿದ್ದೇ ಜಾಸ್ತಿ. "ಇಲ್ಲಿ ಒತ್ತು." "ಅಲ್ಲಿ ನೀಲಿ ಬಣ್ಣದ್ದು ಇದೆಯಲ್ಲ." "ಮೇಲೆ ಬಲಗಡೆ." ಹತ್ತು ವಾಕ್ಯ ಆಡಿದರೆ ಎಂಟರಲ್ಲಿ ಇಲ್ಲಿ, ಅಲ್ಲಿ, ಇದು, ಅದು. ಕಂಪ್ಯೂಟರ್ ಪಾಠ ಅಂತ ನಾನು ಇಷ್ಟು ವರ್ಷ ಮಾಡಿದ್ದು ಬೆರಳು ತೋರಿಸುವ ಕೆಲಸ ಅಂತ ಆಗ ಗೊತ್ತಾಯಿತು. ಮೌಸ್ ಬಿಟ್ಟ ಮೇಲೆ ಉಳಿಯುವುದು ಕೀಗಳ ಹೆಸರು ಮಾತ್ರ. ವೆಬ್ ಪುಟದಲ್ಲಿ ಎಚ್ ಒತ್ತಿದರೆ ಒಂದು ತಲೆಬರಹದಿಂದ ಇನ್ನೊಂದಕ್ಕೆ ಹಾರುತ್ತದೆ. ಕೆ ಒತ್ತಿದರೆ ಲಿಂಕ್‌ನಿಂದ ಲಿಂಕ್‌ಗೆ. ಇನ್ಸರ್ಟ್ ಹಿಡಿದು ಎಫ್7 ಒತ್ತಿದರೆ ಪುಟದಲ್ಲಿರುವ ಲಿಂಕ್‌ಗಳೆಲ್ಲ ಪಟ್ಟಿಯಾಗಿ ಬರುತ್ತವೆ. ನಾನು ಪುಟ ಕೆಳಗೆ ತಳ್ಳುತ್ತಾ ಹುಡುಕುವಷ್ಟರಲ್ಲಿ ಅವರು ಪಟ್ಟಿಯಲ್ಲಿ ಮೊದಲ ಅಕ್ಷರ ಒತ್ತಿ ಅಲ್ಲಿಗೆ ಹೋಗಿ ಕೂತಿರುತ್ತಾರೆ.

ಕೀಬೋರ್ಡಿನಲ್ಲಿ ಎಫ್ ಮತ್ತು ಜೆ ಮೇಲೆ ಒಂದೊಂದು ಸಣ್ಣ ಉಬ್ಬು ಗೆರೆ ಇದೆ. ಇದನ್ನು ಓದುತ್ತಿರುವ ಎಷ್ಟು ಜನ ಗಮನಿಸಿದ್ದೀರೋ. ನಾನು ಕಂಪ್ಯೂಟರ್ ಡಿಗ್ರಿ ಮುಗಿಸಿದವನು, ಗಮನಿಸಿರಲಿಲ್ಲ. ತೋರುಬೆರಳು ಎರಡನ್ನೂ ಆ ಗೆರೆ ಮೇಲೆ ಇಟ್ಟರೆ ಉಳಿದ ಬೆರಳುಗಳಿಗೆ ಊರು ಗೊತ್ತಾಗುತ್ತದೆ. ಕಣ್ಣು ಕಾಣದವರ ಟೈಪಿಂಗ್ ಪಾಠ ಶುರುವಾಗುವುದೇ ಅಲ್ಲಿಂದ. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಕೀಲಿಮಣೆಯಲ್ಲಿ, ಅಂದರೆ ಕೆ.ಪಿ. ರಾವ್ ಅವರು ರೂಪಿಸಿದ ಜೋಡಣೆಯಲ್ಲಿ, ಒತ್ತಕ್ಷರ ಕೂಡಿಸುವ ಕೀ ಕೂಡ ಎಫ್. ಕನ್ನಡ ಅಂತ ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು. ಕನ್ನಡದಲ್ಲಿ ಒತ್ತು ಎಷ್ಟು ಸಲ ಬರುತ್ತದೆ ನೋಡಿ. ಅದು ಕೂತಿರುವುದು ಎಡಗೈ ತೋರುಬೆರಳು ಸುಮ್ನೆ ಮಲಗಿರುವ ಜಾಗದಲ್ಲಿ.

ಇದೇ ಜಾಗದಲ್ಲಿ ಒಂದು ವಾರ ನಾವಿಬ್ಬರೂ ಜಗಳ ಆಡಿದ್ದೂ ಇದೆ. ಒಂಬತ್ತು ಟಕದ ಹುಡುಗ ಕನ್ನಡ ಅಂತ ಟೈಪ್ ಮಾಡು ಅಂದರೆ ಪ್ರತಿ ಸಲ "ಕ್ನನಡ" ಅಂತ ಮಾಡುತ್ತಿದ್ದ. ಕೆ, ಎಫ್, ಎನ್, ಎನ್, ಡಬ್ಲ್ಯು. ಎಫ್ ಒಂದು ಮನೆ ಮುಂಚೆ. "ಮೊದಲು ನ, ಆಮೇಲೆ ಎಫ್" ಅಂತ ನಾನು ಹತ್ತು ಸಲ ಹೇಳಿದೆ. ಹತ್ತು ಸಲವೂ ಹೂಂ ಅಂದ, ಮತ್ತೆ ಅದನ್ನೇ ಮಾಡಿದ. ನಿಧಾನಕ್ಕೆ ಕಲಿಯುವ ಹುಡುಗ ಅಂದುಕೊಂಡೆ. ನಾಚಿಕೆಯಾಗುತ್ತದೆ, ಆದರೆ ಹಾಗೇ ಅಂದುಕೊಂಡೆ.

ಆಮೇಲೆ ಅವನೇ ತನ್ನ ಬ್ರೈಲ್ ಸ್ಲೇಟ್ ತಂದು ತೋರಿಸಿದ. ಕನ್ನಡ ಬ್ರೈಲ್‌ನಲ್ಲಿ ಅಕ್ಷರಗಳು ಒಂದರ ಕೆಳಗೊಂದು ಕೂರುವುದಿಲ್ಲ. ಆರು ಚುಕ್ಕಿಯ ಮನೆಗಳು ಸಾಲಾಗಿ ಬರುತ್ತವೆ. ಅರ್ಧಾಕ್ಷರ ಬಂದರೆ ಆ ಅಕ್ಷರಕ್ಕಿಂತ ಮುಂಚೆ ನಾಲ್ಕನೇ ಚುಕ್ಕಿ ಒಂದನ್ನೇ ಹಾಕಬೇಕು. ಮುಂದೆ ಬರುವವನು ಅರ್ಧ ಅಂತ ಮೊದಲೇ ಎಚ್ಚರಿಸುವ ಹಾಗೆ. ಕ, ನಾಲ್ಕನೇ ಚುಕ್ಕಿ, ನ, ನ, ಡ. ಒಂದನೇ ಕ್ಲಾಸಿನಿಂದ ಅವನ ಬೆರಳು ಕಲಿತದ್ದು ಇದು. ಕಂಪ್ಯೂಟರಿನಲ್ಲಿ ಅದೇ ಗುರುತು ಅಕ್ಷರದ ನಂತರ ಬರುತ್ತದೆ. ಅವನು ತಪ್ಪು ಮಾಡುತ್ತಿರಲಿಲ್ಲ. ಇನ್ನೊಂದು ಲಿಪಿಯ ವ್ಯಾಕರಣದಲ್ಲಿ ಸರಿಯಾಗಿಯೇ ಬರೆಯುತ್ತಿದ್ದ. "ಬ್ರೈಲ್‌ನಲ್ಲಿ ಮುಂಚೆ ಹೇಳ್ತೀಯ, ಇಲ್ಲಿ ಆಮೇಲೆ ಹೇಳು" ಅಂದೆ. ಅರ್ಧ ಗಂಟೆಯಲ್ಲಿ ಸರಿಹೋಯಿತು.

ಅರ್ಕಾವತ್ತಿನ ಗೊಂದಲ ಮಾತ್ರ ಅವನಿಗೆ ಯಾವತ್ತೂ ಬರಲಿಲ್ಲ. ಯಾಕೆ ಬರಬೇಕು? ಕರ್ನಾಟಕ ಅಂತ ಬಾಯಿಯಲ್ಲಿ ಹೇಳುವಾಗ ರ ಮೊದಲು, ನಾ ಆಮೇಲೆ. ಬ್ರೈಲ್‌ನಲ್ಲೂ ಹಾಗೆ, ಕಂಪ್ಯೂಟರಿನಲ್ಲೂ ಹಾಗೆ. ಬರೆಯುವಾಗ ಮಾತ್ರ ನಾವು ಕಣ್ಣಿರುವವರು ನಾ ಬರೆದು, ರ ಅನ್ನು ಅದರ ಬೆನ್ನ ಹಿಂದೆ ಕೂರಿಸುತ್ತೇವೆ. ಕಣ್ಣಿನಿಂದ ಟೈಪ್ ಮಾಡುವವರು ನಾ ಹಾಕಿದ ಮೇಲೆ ಆ ಬಾಲ ಎಲ್ಲಿದೆ ಅಂತ ಹುಡುಕುತ್ತಾರೆ. ಸಿಗುವುದು ಒಂಬತ್ತು. ಕಿವಿಯಿಂದ ಟೈಪ್ ಮಾಡುವವನಿಗೆ ಹುಡುಕುವ ಪ್ರಶ್ನೆಯೇ ಇಲ್ಲ.

"ಅದು ನೋಡಾಕ ಹೆಂಗಿರತೈತ್ರಿ ಸರ?" ಅಂತ ಕೇಳಿದ. ಅವನ ಅಂಗೈ ಮೇಲೆ ಬೆರಳಿನಿಂದ ಅರ್ಕಾವತ್ತು ಬರೆದೆ. ಪಕ್ಕದಲ್ಲಿ ಒಂಬತ್ತು ಬರೆದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರಡೂ ಒಂದ ಅದಾವಲ್ರಿ. ಹಂಗಾದ್ರ ನಿಮಗ ಹೆಂಗ ಗೊತ್ತಾಗತೈತಿ?" ಅಂದ. ನಮಗೆ ಗೊತ್ತಾಗುವುದಿಲ್ಲ ಅಂತ ಒಪ್ಪಿಕೊಂಡೆ.

ಒಂಬತ್ತು, ಸೊನ್ನೆ ಎಲ್ಲ ತಮಾಷೆ. ನುಡಿ ಫಾಂಟಿನ ಕತೆ ತಮಾಷೆಯಲ್ಲ.

ನಮ್ಮ ಇತಿಹಾಸದ ಸರ್ ಒಳ್ಳೆಯ ಮೇಷ್ಟ್ರು. ಪ್ರತಿ ಅಧ್ಯಾಯಕ್ಕೂ ಸ್ವತಃ ನೋಟ್ಸ್ ಟೈಪ್ ಮಾಡುತ್ತಾರೆ. ಇಪ್ಪತ್ತು ವರ್ಷದ ನೋಟ್ಸ್ ಅವರ ಪೆನ್‌ಡ್ರೈವ್‌ನಲ್ಲಿದೆ. ನಮ್ಮ ಹುಡುಗರಿಗೆ ಸಾಫ್ಟ್ ಕಾಪಿ ಬೇಕು ಅಂತ ಕೇಳಿದ ಕೂಡಲೇ, "ತಗೋರಿ, ಜ್ಞಾನ ದಾನ" ಅಂತ ಪೂರ್ತಿ ಪೆನ್‌ಡ್ರೈವ್ ಕೊಟ್ಟರು. ಹಬ್ಬ ಅಂದುಕೊಂಡೆವು. ಫೈಲ್ ತೆರೆದು ಡೌನ್ ಆರೋ ಒತ್ತಿದರೆ ಎನ್‌ವಿಡಿಎ ಯಾವುದೋ ದೆವ್ವ ಮೈಮೇಲೆ ಬಂದ ಹಾಗೆ ಒದರಲು ಶುರು ಮಾಡಿತು. ಪರದೆ ಮೇಲೆ ಮುತ್ತಿನಂಥ ಕನ್ನಡ. ಕಿವಿಗೆ ಅರೆಬರೆ ಇಂಗ್ಲಿಷ್ ಅಕ್ಷರ, ನಡುನಡುವೆ "ಪೌಂಡ್, ಪೌಂಡ್".

ನೋಟ್ಸ್ ಇದ್ದದ್ದು ನುಡಿ 01 ಇ ಫಾಂಟಿನಲ್ಲಿ. ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಗುರುತಿನ ಸಂಖ್ಯೆ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮುಂಚೆ ಕನ್ನಡವನ್ನು ಕಂಪ್ಯೂಟರಿಗೆ ತಂದದ್ದು ಹೀಗೆ. ಒಳಗಡೆ ಇರುವುದು ಇಂಗ್ಲಿಷ್ ಮತ್ತು ಯುರೋಪಿನ ಬೇರೆ ಭಾಷೆಗಳ ಅಕ್ಷರಗಳು. ಮೇಲೆ ಕನ್ನಡದ ವೇಷ. ಈ ಫಾಂಟಿನಲ್ಲಿ ನೀವು "ಕನ್ನಡ" ಅಂತ ಬರೆದರೆ ಕಂಪ್ಯೂಟರಿನ ಹೊಟ್ಟೆಯಲ್ಲಿ ಇರುವುದು ಇದು: ಪಿ, ತಲೆ ಮೇಲೆ ಗೀರು ಹೊತ್ತ ಒಂದು ಎ, ಪೌಂಡ್ ದುಡ್ಡಿನ ಗುರುತು, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಕ್ಯೂ, ಮತ್ತೆ ಅದೇ ಎ. ಕಣ್ಣು ವೇಷ ನೋಡುತ್ತದೆ. ಸ್ಕ್ರೀನ್ ರೀಡರ್ ಹೊಟ್ಟೆಯೊಳಗಿರುವುದನ್ನು ಓದುತ್ತದೆ.

ಇದನ್ನು ಸುಮ್ನೆ ಬೈಯುವುದು ಸುಲಭ. ಆದರೆ ಆ ಕಾಲಕ್ಕೆ ಅದೇ ದಾರಿ ಇತ್ತು. ಪ್ರೆಸ್‌ನವರು ಪುಟ ಜೋಡಿಸುವ ಪೇಜ್‌ಮೇಕರ್ ಸಾಫ್ಟ್‌ವೇರ್‌ಗೆ ಯೂನಿಕೋಡ್ ಕನ್ನಡ ಹಿಡಿಸುತ್ತಿರಲಿಲ್ಲ, ಹಳೆ ಫಾಂಟಿನಲ್ಲೇ ತನ್ನಿ ಅನ್ನುತ್ತಿದ್ದರು. ಈಗಲೂ ಅನ್ನುವವರಿದ್ದಾರೆ. ಇಪ್ಪತ್ತು ವರ್ಷ ಆ ಫಾಂಟಿನಲ್ಲೇ ಬೆರಳು ಪಳಗಿಸಿದವರಿಗೆ "ನೀವು ಬರೆದದ್ದು ಕನ್ನಡವೇ ಅಲ್ಲ" ಅಂತ ಹೇಳುವುದು ಹೇಗೆ? ನಾನು ಹೇಳಲಿಲ್ಲ. ಹುಡುಗನೇ ಹೇಳಿದ. ಸರ್ ಅನ್ನು ಲ್ಯಾಬಿಗೆ ಕರೆದು, ಕುರ್ಚಿ ಮೇಲೆ ಕೂರಿಸಿ, ಹೆಡ್‌ಫೋನ್ ತೊಡಿಸಿ, ಅವರದೇ ವಿಜಯನಗರದ ನೋಟ್ಸ್ ಹಾಕಿದ. ಅವರು ಒಂದು ನಿಮಿಷ ಕೇಳಿ ಹೆಡ್‌ಫೋನ್ ತೆಗೆದರು.

"ಇದು ನಾ ಬರೆದದ್ದಾ?"

"ಹೌದ್ರಿ ಸರ. ಇದನ್ನ ನಾವು ಪರೀಕ್ಷಾಕ ಓದಬೇಕ್ರಿ."

ಹಳೆ ಫಾಂಟಿನಿಂದ ಯೂನಿಕೋಡ್‌ಗೆ ಬದಲಾಯಿಸುವ ಸಾಧನಗಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಇಪ್ಪತ್ತು ವರ್ಷದ ನೋಟ್ಸ್ ಅನ್ನು ಎರಡು ವಾರದಲ್ಲಿ ಬದಲಾಯಿಸಿದೆವು. ಇಸವಿಗಳ ಜಾಗದಲ್ಲಿ ಮತ್ತು ನಡುವೆ ಬಂದ ಇಂಗ್ಲಿಷ್ ಪದಗಳ ಜಾಗದಲ್ಲಿ ಕೆಟ್ಟಿತು. ಆ ಪದಗಳೂ ಕನ್ನಡವಾಗಲು ಹೋಗಿ ಏನೇನೋ ಆದವು. ಅವನ್ನು ಕೈಯಲ್ಲಿ ತಿದ್ದಿದೆವು. ಇನ್ನು ಮುಂದೆ ಸರ್ ಹೇಗೆ ಟೈಪ್ ಮಾಡಬೇಕು? ಅದೇ ನುಡಿ ತಂತ್ರಾಂಶದಲ್ಲೇ ಯೂನಿಕೋಡ್ ಆಯ್ಕೆ ಇದೆ. ಕೀಲಿಮಣೆ ಅದೇ. ಬೆರಳು ಹೊಸದಾಗಿ ಏನೂ ಕಲಿಯಬೇಕಿಲ್ಲ. ಅದನ್ನು ತೋರಿಸಲು ಬೇಕಾದದ್ದು ಒಂದು ಚಹಾ ಕುಡಿಯುವಷ್ಟು ಹೊತ್ತು.

ಹುಡುಗರಿಗೆ ನಾನು ಆರು ತಿಂಗಳು ಕಲಿಸಿದ್ದೆ. ಅಷ್ಟು ಕಲಿತರೂ ಆ ನೋಟ್ಸ್ ಒಂದು ಸಾಲೂ ಓದಲು ಬಂದಿರಲಿಲ್ಲ. ಈ ಕೆಲಸದಲ್ಲಿ ನನಗೆ ಸಿಟ್ಟು ಬರುವ ಜಾಗ ಇದೇ. ತರಬೇತಿ ಅಂದರೆ ಎಲ್ಲರೂ ಕಣ್ಣು ಕಾಣದವರನ್ನೇ ಕರೆದು ಕೂರಿಸುತ್ತಾರೆ, ಸರ್ಟಿಫಿಕೇಟ್ ಕೊಟ್ಟು ಫೋಟೋ ತೆಗೆಯುತ್ತಾರೆ. ನೋಟ್ಸ್ ಮಾಡುವವರನ್ನು, ಸುತ್ತೋಲೆ ಟೈಪ್ ಮಾಡುವ ಗುಮಾಸ್ತರನ್ನು, ಪ್ರಶ್ನೆಪತ್ರಿಕೆ ಜೋಡಿಸುವವರನ್ನು ಅರ್ಧ ಗಂಟೆ ಕೂಡಿಸಿ ಯಾರೂ ಹೇಳುವುದಿಲ್ಲ.

ಈಗ ಇನ್ನೊಂದು ಕಾಟ. ಟೈಪ್ ಮಾಡುವ ಗೋಜೇ ಇಲ್ಲ. ಕೈಬರಹದ ನೋಟ್ಸ್ ಫೋಟೋ ಹೊಡೆದು ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಹಾಕುವುದು. ಫೋಟೋ ಬಂತು ಅಂತ ಟಾಕ್‌ಬ್ಯಾಕ್ ಹೇಳುತ್ತದೆ, ಒಳಗಿರುವ ಪಾಠ ಹೇಳುವುದಿಲ್ಲ. ಅಚ್ಚಾದ ಪುಸ್ತಕವಾದರೆ ಪರವಾಗಿಲ್ಲ. ಸ್ಕ್ಯಾನ್ ಮಾಡಿ ಗೂಗಲ್ ಡ್ರೈವ್‌ಗೆ ಹಾಕಿ, ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಅಕ್ಷರ ಸುಮಾರು ಚೆನ್ನಾಗಿಯೇ ಬರುತ್ತದೆ. ಇದು ಕದ್ದು ಮಾಡುವ ಕೆಲಸವೂ ಅಲ್ಲ. ಓದಲಾಗದವರಿಗಾಗಿ ಪುಸ್ತಕವನ್ನು ಬೇರೆ ರೂಪಕ್ಕೆ ತರಬಹುದು ಅಂತ 2012ರಲ್ಲೇ ನಮ್ಮ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿಯಾಗಿದೆ. ಇದೇ ವಿಷಯದ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ನಮ್ಮದೇ. 2016ರಿಂದ ಸುಗಮ್ಯ ಪುಸ್ತಕಾಲಯ ಅಂತ ಆನ್‌ಲೈನ್ ಗ್ರಂಥಾಲಯವೂ ಇದೆ. ಆದರೆ ನಮ್ಮ ಹುಡುಗರ ಸಿಲಬಸ್ಸಿನ ಕನ್ನಡ ಪುಸ್ತಕ ಬೇಕು ಅಂದಾಗ ನನಗೆ ದಕ್ಕಿದ್ದು ಕಡಿಮೆ. ಹಾಗಾಗಿ ಶನಿವಾರ ಮಧ್ಯಾಹ್ನ ನಮ್ಮ ಲ್ಯಾಬಿನಲ್ಲಿ ಸ್ಕ್ಯಾನರ್ ಮುಂದೆ ಎನ್‌ಎಸ್‌ಎಸ್ ಹುಡುಗರ ಸಾಲು. ಒಬ್ಬ ಪುಟ ತಿರುಗಿಸುತ್ತಾನೆ, ಒಬ್ಬಳು ತಿದ್ದುತ್ತಾಳೆ. ಗಿರ್ಮಿಟ್ಟಿನ ಖರ್ಚು ನನ್ನದು.

ಲ್ಯಾಬಿಗೆ ಬರುವವರೆಲ್ಲ ಕಣ್ಣು ಕಾಣದವರೇ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸುತ್ತದೆ. ಸರ್ಕಾರಿ ಕಾಲೇಜುಗಳಲ್ಲಿ ಕನಿಷ್ಠ ಶೇ. 5ರಷ್ಟು ಸೀಟು ಅವರಿಗೆ ಅಂತಲೂ ಹೇಳುತ್ತದೆ. ನಮ್ಮಲ್ಲಿ ಇರುವವರು ಎಂಟು ಜನ. ಮೂವರು ಟೋಟಲ್, ಅಂದರೆ ಪೂರ್ತಿ ಕಾಣದವರು. ಇಬ್ಬರು ಪಾರ್ಷಿಯಲ್, ಅಲ್ಪಸ್ವಲ್ಪ ಕಾಣುವವರು. ಇದು ಅವರೇ ತಮ್ಮೊಳಗೆ ಬಳಸುವ ಮಾತು. ಸರ್ಕಾರಿ ಪದಗಳು ಕಾಲಕಾಲಕ್ಕೆ ಬದಲಾಗುತ್ತವೆ, ಅವರು ತಲೆ ಕೆಡಿಸಿಕೊಳ್ಳುವುದಿಲ್ಲ. ಪಾರ್ಷಿಯಲ್ ಇರುವವರಿಗೆ ವಿಂಡೋಸ್ ಕೀ ಮತ್ತು ಪ್ಲಸ್ ಒತ್ತಿದರೆ ಬರುವ ಭೂತಕನ್ನಡಿ, ಕಪ್ಪು ಹಿನ್ನೆಲೆ, ಹಳದಿ ಅಕ್ಷರ ಸಾಕು. ಅವರಲ್ಲೊಬ್ಬ ಅದನ್ನು ಬಳಸುವುದೇ ಇಲ್ಲ. ಅಕ್ಷರ ಅಷ್ಟು ದೊಡ್ಡದು ಮಾಡಿದರೆ ಪಕ್ಕದವರಿಗೆ ಗೊತ್ತಾಗುತ್ತದೆ ಅಂತ. ಮೂಗು ಪರದೆಗೆ ತಾಗಿಸಿ ಓದುತ್ತಾನೆ. ಅದು ಗೊತ್ತಾಗುವುದಿಲ್ಲವಾ ಅಂತ ಕೇಳುವ ಧೈರ್ಯ ನನಗಿಲ್ಲ.

ಒಬ್ಬ ಹುಡುಗನಿಗೆ ಸೆರೆಬ್ರಲ್ ಪಾಲ್ಸಿ, ಒಂದೇ ಕೈ ಹಿಡಿತಕ್ಕೆ ಬರುತ್ತದೆ. ನೀವು ಗೇಮ್ ಆಡುವಾಗ ಶಿಫ್ಟ್ ಕೀ ಐದು ಸಲ ಒತ್ತಿದರೆ ಟುಣ್ ಅಂತ ಒಂದು ಡಬ್ಬ ಎದುರು ಬರುತ್ತದಲ್ಲ, ಬೈದು ಮುಚ್ಚುತ್ತೀರಲ್ಲ, ಸ್ಟಿಕಿ ಕೀಸ್ ಅಂತ, ಅದು ಇವನಿಗಾಗಿ ಇರುವುದು. ಕಂಟ್ರೋಲ್ ಒತ್ತಿ ಬಿಟ್ಟು, ನಿಧಾನಕ್ಕೆ ಸಿ ಒತ್ತಿದರೂ ಕಾಪಿ ಆಗುತ್ತದೆ. ಎರಡು ಕೀ ಒಟ್ಟಿಗೆ ಹಿಡಿಯಬೇಕಿಲ್ಲ. ಹೊಸ ಸಾಧನ ಬೇಡ, ದುಡ್ಡು ಬೇಡ. ಅವನು ಹೈಸ್ಕೂಲಿನಿಂದ ಕಂಪ್ಯೂಟರ್ ಮುಟ್ಟುತ್ತಿದ್ದ, ಯಾರೂ ಹೇಳಿರಲಿಲ್ಲ.

ಕಿವಿ ಕೇಳದ ಹುಡುಗಿಯ ವಿಷಯದಲ್ಲಿ ನಾನು ಅಷ್ಟಾಗಿ ಗೆದ್ದಿಲ್ಲ. ಮಾತನ್ನು ಅಕ್ಷರ ಮಾಡುವ ಆ್ಯಪ್ ಫೋನಿನಲ್ಲಿ ಹಾಕಿಕೊಟ್ಟೆ. ನಾನು ಮಾತಾಡಿದರೆ ಪರವಾಗಿಲ್ಲ. ನಮ್ಮ ಅರ್ಥಶಾಸ್ತ್ರದ ಸರ್ ಅಪ್ಪಟ ಧಾರವಾಡ ಕನ್ನಡದಲ್ಲಿ ಶುರು ಮಾಡಿದರೆ, ಮೇಲೆ ತಿರುಗುವ ಫ್ಯಾನಿನ ಸದ್ದೂ ಸೇರಿ, ಪರದೆ ಮೇಲೆ ಬರುವುದು ಕವಿತೆ. ಬೇಡಿಕೆ ಮತ್ತು ಪೂರೈಕೆ ಹೇಗೋ "ಬ್ಯಾಡ ಅಕ್ಕ" ಆಗಿತ್ತು ಒಂದು ದಿನ. ಅವಳು ಅದನ್ನು ಸ್ಕ್ರೀನ್‌ಶಾಟ್ ತೆಗೆದು ನನಗೆ ಕಳಿಸಿದಳು, ನಗುವ ಮುಖ ಹಾಕಿ. ಅವಳ ಮೊದಲ ಭಾಷೆ ಕೈಸನ್ನೆ, ಕನ್ನಡ ಎರಡನೆಯದು. ನನಗೆ ಕೈಸನ್ನೆ ಬರುವುದಿಲ್ಲ. ಈಗ ಅವಳೇ ನನಗೆ ವಾರಕ್ಕೆ ಹತ್ತು ಪದ ಕಲಿಸುತ್ತಿದ್ದಾಳೆ.

ಪರೀಕ್ಷೆಯ ಮಾತು ಬಾಕಿ ಇದೆ. ಕಣ್ಣು ಕಾಣದವರು ಪರೀಕ್ಷೆ ಬರೆಯುವುದು ಇನ್ನೊಬ್ಬರ ಕೈಯಲ್ಲಿ. ಇವರು ಹೇಳಬೇಕು, ಸ್ಕ್ರೈಬ್ ಬರೆಯಬೇಕು. ಕೇಂದ್ರ ಸರ್ಕಾರ 2018ರ ಆಗಸ್ಟ್ 29ರಂದು ಹೊರಡಿಸಿದ, 2025ರವರೆಗೆ ಜಾರಿಯಲ್ಲಿದ್ದ ಮಾರ್ಗಸೂಚಿ ಪ್ರಕಾರ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಇತ್ತು. ಸ್ಕ್ರೈಬ್ ಅನ್ನು ತಾವೇ ಕರೆತಂದರೆ ಅವನ ಓದು ಅಭ್ಯರ್ಥಿಗಿಂತ ಒಂದು ಮೆಟ್ಟಿಲು ಕೆಳಗಿರಬೇಕಿತ್ತು. ಅಂದರೆ ಬಿಎ ಹುಡುಗನಿಗೆ ಪಿಯುಸಿ ಹುಡುಗ. ಅವನನ್ನು ಹುಡುಕಬೇಕು, ಬಸ್ ಚಾರ್ಜ್ ಕೊಡಬೇಕು, ಊಟ ಕೊಡಿಸಬೇಕು, ಅವತ್ತೇ ಅವನ ಕ್ಲಾಸ್ ಟೆಸ್ಟ್ ಬರದಿರಲಿ ಅಂತ ಹನುಮಪ್ಪನಿಗೆ ಹರಕೆ ಹೊರಬೇಕು.

"ನಾ ಎರಡ ಪುಟ ಹೇಳಿದ್ರ ಆಂವ ಅರ್ಧ ಪುಟ ಬರೀತಾನ್ರಿ" ಅಂತ ನಮ್ಮ ಒಂಬತ್ತು ಟಕ ಒಂದು ಸಲ ದೂರಿದ.

"ನಿನಗೆ ಹೇಗೆ ಗೊತ್ತು?"

"ಪೆನ್ನಿನ ಸಪ್ಪಳ ಕೇಳತೈತಲ್ರಿ. ನಾ ಇನ್ನೂ ಹೇಳಾಕತ್ತಿರ್ತೇನಿ, ಸಪ್ಪಳ ನಿಂತಿರತೈತಿ."

ಅದೇ ಮಾರ್ಗಸೂಚಿಯಲ್ಲಿ ಇನ್ನೊಂದು ಸಾಲಿತ್ತು. ಬ್ರೈಲ್, ಕಂಪ್ಯೂಟರ್, ದೊಡ್ಡ ಅಕ್ಷರ, ಧ್ವನಿಮುದ್ರಣ, ಇದರಲ್ಲಿ ಯಾವ ರೀತಿ ಪರೀಕ್ಷೆ ಬರೆಯಬೇಕು ಅನ್ನುವ ಆಯ್ಕೆ ಸಾಧ್ಯವಾದ ಮಟ್ಟಿಗೆ ವಿದ್ಯಾರ್ಥಿಗೆ ಇರಬೇಕು. ಕಂಪ್ಯೂಟರ್ ಆದರೆ ಒಂದು ದಿನ ಮುಂಚೆ ಬಂದು ಅದನ್ನು ಪರೀಕ್ಷಿಸಿ ನೋಡಲು ಬಿಡಬೇಕು. ಇದನ್ನು ಪ್ರಿಂಟ್ ತೆಗೆದು, ಆ ಸಾಲಿಗೆ ಹಳದಿ ಬಣ್ಣ ಹಚ್ಚಿ ಇಟ್ಟುಕೊಂಡಿದ್ದೇನೆ. ಸೆಮಿಸ್ಟರ್ ಪರೀಕ್ಷೆಗೆ ಕೇಳಿದಾಗ, "ಇದುವರೆಗೆ ಯಾರೂ ಹಂಗ ಬರೆದಿಲ್ರಿ" ಅಂದರು. ಯಾರೂ ಬರೆಯದಿದ್ದರೆ ಯಾವತ್ತೂ ಯಾರೂ ಬರೆದಿರುವುದಿಲ್ಲ. ಅರ್ಜಿ ಇನ್ನೂ ಅಲ್ಲೇ ಇದೆ.

ನಮ್ಮ ಕೈಯಲ್ಲಿದ್ದದ್ದು ಕಾಲೇಜಿನ ಇಂಟರ್ನಲ್ ಟೆಸ್ಟ್. ಇತಿಹಾಸದ ಸರ್ ಒಪ್ಪಿದರು. ಪ್ರಶ್ನೆಪತ್ರಿಕೆಯನ್ನು ಅವರೇ ಯೂನಿಕೋಡ್‌ನಲ್ಲಿ ಟೈಪ್ ಮಾಡಿ ತಂದರು, ಒಂದು ಒಂಬತ್ತು ಸೊನ್ನೆ ಇಲ್ಲದೆ. ಹಿಂದಿನ ದಿನ ಹುಡುಗ ಬಂದು ಕಂಪ್ಯೂಟರ್ ಮುಟ್ಟಿ ನೋಡಿ, ಎಫ್ ಮೇಲಿನ ಗೆರೆ ಸವೆದಿದೆ ಅಂತ ಬೇರೆ ಕೀಬೋರ್ಡ್ ಹಾಕಿಸಿಕೊಂಡ. ನಾನು ನೆಟ್ ವೈರು ಕಿತ್ತೆ. ಟೆಸ್ಟ್ ಶುರುವಾದ ಹತ್ತು ನಿಮಿಷಕ್ಕೆ ಕರೆಂಟ್ ಹೋಯಿತು. ಯುಪಿಎಸ್ ಕುಯ್ಯೋ ಅಂತ ಕೂಗಿಕೊಂಡಿತು. ಅವನು ತಲೆ ಎತ್ತಲಿಲ್ಲ. ಲೈಟ್ ಹೋದದ್ದು ಅವನಿಗೆ ಸುದ್ದಿಯೇ ಅಲ್ಲ. ಕರೆಂಟ್ ಬರುವವರೆಗೂ ಯುಪಿಎಸ್ ತಡೆದುಕೊಳ್ಳಲಿ ಅಂತ ಬೆವರಿದವನು ನಾನು.

ಸಾಲು ಮುಗಿದಾಗೆಲ್ಲ ಹಿಂದಕ್ಕೆ ಹೋಗಿ ಅಕ್ಷರ ಅಕ್ಷರ ಕೇಳುತ್ತಿದ್ದ. ಸ್ಕ್ರೈಬ್ ಇದ್ದಾಗ ಅದು ಇರಲಿಲ್ಲ. ಪಾಠವನ್ನೆಲ್ಲ ಕೇಳಿಯೇ ಕಲಿತವನಿಗೆ ಕೆಲವು ಪದಗಳ ಕಾಗುಣಿತ ಯಾವತ್ತೂ ಬೇಕಾಗಿರಲೇ ಇಲ್ಲ. ಶ ಯಾವುದು, ಷ ಯಾವುದು, ಮಹಾಪ್ರಾಣ ಎಲ್ಲಿ ಬರುತ್ತದೆ, ಎಲ್ಲ ಪಿಯುಸಿ ಹುಡುಗನ ಜವಾಬ್ದಾರಿ. ಒಂದೂಕಾಲು ಗಂಟೆಯಲ್ಲಿ ನಾಲ್ಕು ಪುಟ ಟೈಪ್ ಮಾಡಿ ಪ್ರಿಂಟ್ ಕೊಟ್ಟ. ಸಹಿ ಹಾಕುವ ಜಾಗಕ್ಕೆ ನಾನು ಬೆರಳು ಹಿಡಿದು ತೋರಿಸಿದೆ.

ಮುಂದಿನ ವಾರ ಪತ್ರಿಕೆ ತಿದ್ದಿ ಬಂತು. 20ಕ್ಕೆ ಹದಿನಾರೂವರೆ. "ಅರ್ಧ ಎಲ್ಲಿ ಹೋತ್ರಿ?" ಅಂದ. ಹುಡುಕಿದೆ. ಎರಡನೇ ಪುಟದಲ್ಲಿ ಕೆಂಪು ಇಂಕಿನ ಸುತ್ತು. ಹೊಯ್ಸಲ ಅಂತ ಟೈಪ್ ಮಾಡಿದ್ದಾನೆ, ಏಳು ಸಲ.

ಪತ್ರಿಕೆ ಹಿಡಿದು ಸೀದಾ ಸ್ಟಾಫ್ ರೂಮಿಗೆ ನಡೆದ. ನಾನು ಹಿಂದೆ ಹಿಂದೆ.

"ಸರ್ರ, ಇದಕ್ಕ ಅರ್ಧ ಮಾರ್ಕ್ಸ್ ಕಡಿಯೂದಾ? ಹಿಂದಿನ ಟೆಸ್ಟಿನ್ಯಾಗ ಸ್ಕ್ರೈಬ್ ಎಷ್ಟ ತಪ್ಪು ಬರೆದಾನ, ಒಂದಕ್ಕೂ ಕಡಿದಿಲ್ರಿ ನೀವು."

"ಅವು ಅವನ ತಪ್ಪು. ಇದು ನಿಂದು."

"ಕಂಪ್ಯೂಟರಿನ್ಯಾಗ ಎರಡೂ ಒಂದ ಕೇಳಿಸ್ತಾವ್ರಿ. ಇಂಗ್ಲಿಷ್ ಪುಸ್ತಕದಾಗೂ ಎಲ್ ಅಂತ ಐತಿ."

"ಹುಲಿ ಹೊಡೆದಾಂವ ಸಳ ಅಲೇನಪಾ? ಹೊಯ್ ಸಳ ಅಂದ್ರು ಗುರುಗಳು. ಹೊಯ್ ಎಲ್ ಅಂದಿಲ್ಲ."

ನಾಲ್ಕೂವರೆ ಬಸ್ಸಿಗೆ ಹೊತ್ತಾಗಿತ್ತು. ಬ್ಯಾಗು ತಗಲಿಸಿಕೊಂಡು ನಾನು ಗೇಟಿನ ಹತ್ತಿರ ಬರುವಾಗಲೂ ಕಾರಿಡಾರಿನಿಂದ ಇಬ್ಬರ ದನಿ ಕೇಳುತ್ತಿತ್ತು. ಸರ್ ಯಾವುದೋ ಶಾಸನದ ಹೆಸರು ಹೇಳುತ್ತಿದ್ದರು. ಅವನು ಅದರ ಯೂನಿಕೋಡ್ ಕಾಪಿ ಕೇಳುತ್ತಿದ್ದ.